ಸಂಸಾರ, ವ್ಯವಹಾರ ಮತ್ತು ಅಳತೆ

ಸಂಸಾರ, ವ್ಯವಹಾರ ಎಂಬ ಎರಡು ಪದಗಳು ಕನ್ನಡದ ಮನೆಮಾತಿನಲ್ಲಿ ದಿನಕ್ಕೆ ಹತ್ತು ಸಲ ಬರುತ್ತವೆ. ಹೆಂಡತಿ, ಮಕ್ಕಳು, ವಯಸ್ಸಾದ ತಂದೆತಾಯಿ ಎಲ್ಲರೂ ಸೇರಿದ ಮನೆವಾರ್ತೆ ಸಂಸಾರ. ಕೊಡುವುದು, ಕೊಳ್ಳುವುದು, ಲಾಭನಷ್ಟದ ಲೆಕ್ಕ ವ್ಯವಹಾರ. ದರ್ಶನಶಾಸ್ತ್ರದಲ್ಲಿ ಇವೇ ಪದಗಳಿಗೆ ಬೇರೆ ತೂಕವಿದೆ. ಅಲ್ಲಿ ಸಂಸಾರವೆಂದರೆ ಹುಟ್ಟುಸಾವುಗಳ ಸುಳಿ, ದಾಟಬೇಕಾದ ಹೊಳೆ. ವ್ಯವಹಾರವೆಂದರೆ, ಅದ್ವೈತದ ಪರಿಭಾಷೆಯಲ್ಲಿ, ಪರಮಾರ್ಥಕ್ಕಿಂತ ಕೆಳಗಿನ ನೆಲೆಯ ಸತ್ಯ. ಮೋಕ್ಷದ ಕಡೆಯಿಂದ ನೋಡಿದರೆ ಎರಡೂ ತಕ್ಕಡಿಯ ಒಂದೇ ತಟ್ಟೆಯಲ್ಲಿವೆ. ಕುರಾನಿನ 63ನೆಯ ಅಧ್ಯಾಯ ಕೂಡ ಸಂಪತ್ತು ಮತ್ತು ಮಕ್ಕಳನ್ನು ಒಟ್ಟಿಗೇ ಹೆಸರಿಸಿ, ಅವು ದೇವರ ಸ್ಮರಣೆಯನ್ನು ಮರೆಸದಿರಲಿ ಎಂದು ಎಚ್ಚರಿಸುತ್ತದೆ. ಹೀಗೆ ಎರಡನ್ನೂ ಒಂದೇ ಬದಿಗೆ ಹಾಕಿದ ಮೇಲೆ ಅವೆರಡರ ನಡುವಣ ಹೊಂದಾಣಿಕೆ ದೊಡ್ಡ ಪ್ರಶ್ನೆಯಾಗಿ ಉಳಿಯುವುದಿಲ್ಲ. ಗೃಹಸ್ಥನ ಬದುಕೇ ಒಂದು ದಾರಿ ಎಂದು ಒಪ್ಪಿದಾಗ ಮಾತ್ರ, ದುಡಿಮೆ ಎಷ್ಟನ್ನು ಕೇಳಬಹುದು, ಮನೆ ಎಷ್ಟನ್ನು ಕೇಳಬಹುದು ಎಂಬುದು ಧರ್ಮದ ಪ್ರಶ್ನೆಯಾಗುತ್ತದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಆ ಪ್ರಶ್ನೆ ತೀವ್ರವಾಗಿ ಎದ್ದಿತು. ಅದನ್ನು ಎತ್ತಿದವರು ಸಣ್ಣ ಕಸುಬುಗಳಿಂದಲೇ ಹೊಟ್ಟೆ ಹೊರೆಯುತ್ತಿದ್ದ ಗಂಡಹೆಂಡಿರು.

ಸಣ್ಣ ವ್ಯಾಪಾರವೆಂದರೆ ಒಡೆಯನೇ ನಿಂತು ದುಡಿಯುವ, ಮನೆಮಂದಿಯೂ ಕೈಹಾಕುವ ಕಸುಬು: ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಖಾನಾವಳಿ, ಹೊಲಿಗೆ ಅಂಗಡಿ, ಮಗ್ಗ. ಸಂಬಳಕ್ಕೆ ಹೋಗುವವನು ಸಂಜೆ ಕೆಲಸವನ್ನು ಕಚೇರಿಯಲ್ಲಿ ಬಿಟ್ಟು ಬರಬಹುದು. ಅಂಗಡಿಯವನ ಜೊತೆಗೆ ಅಂಗಡಿಯೂ ಮನೆಗೆ ಬರುತ್ತದೆ. ಹಳೆಯ ಪೇಟೆಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆಯೋ ಮೇಲೆಯೋ ವಾಸ. ಇಳಕಲ್ಲು, ಗುಳೇದಗುಡ್ಡದ ಕಡೆಯ ನೇಕಾರರ ಮನೆಗಳಲ್ಲಿ ಕುಣಿಮಗ್ಗ ಮನೆಯೊಳಗೇ ಇರುತ್ತದೆ. ಗಂಡಸು ಲಾಳಿ ಎಸೆಯುತ್ತಿದ್ದರೆ ಹೆಂಗಸರು ಕಂಡಿಕೆ ಸುತ್ತುತ್ತಾರೆ, ಒಲೆಯ ಮೇಲಿನ ಅನ್ನವನ್ನೂ ನೋಡಿಕೊಳ್ಳುತ್ತಾರೆ. ಹಣವೂ ಹಾಗೆಯೇ ಬೆರೆತಿರುತ್ತದೆ. ಮಗುವಿನ ಶಾಲೆಯ ಶುಲ್ಕ ಗಲ್ಲಾಪೆಟ್ಟಿಗೆಯಿಂದ ಹೋಗುತ್ತದೆ, ಮದುವೆಗೆಂದು ಕೂಡಿಟ್ಟದ್ದು ಸರಕಿನ ಬಾಕಿಗೆ ಹೋಗುತ್ತದೆ. ಉದ್ರಿ ಕೇಳಲು ಬಂದವನು ನೆಂಟನೇ ಆಗಿರುತ್ತಾನೆ. ಜಾಗ, ದುಡ್ಡು, ನಂಟು, ಮನಸ್ಸು ನಾಲ್ಕೂ ಹೆಣೆದುಕೊಂಡಿರುವಲ್ಲಿ, ದಿನದ ಗಂಟೆಗಳನ್ನು ಇಷ್ಟು ಅಂಗಡಿಗೆ, ಇಷ್ಟು ಮನೆಗೆ ಎಂದು ಸೀಳಿಕೊಟ್ಟರೆ ತೊಡಕು ಬಿಡಿಸಿದಂತಾಗುವುದಿಲ್ಲ.

ಕಾನೂನು ಗಂಟೆಗಳ ಭಾಷೆಯನ್ನೇ ಆಡುತ್ತದೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ನೌಕರನ ದುಡಿಮೆಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮೇರೆ ಹಾಕಿತು, ವಾರದ ರಜೆ ಕೊಟ್ಟಿತು. ಅದು ದೊಡ್ಡ ರಕ್ಷಣೆಯೇ. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಒಡೆಯ ಎಷ್ಟು ಹೊತ್ತು ಕೂರಬೇಕು, ಅವನ ಹೆಂಡತಿ ಬೆಳಗಿನ ಎಷ್ಟು ಗಂಟೆಗೆ ಎದ್ದು ಇಡ್ಲಿಹಿಟ್ಟಿಗೆ ಕೈಹಾಕಬೇಕು ಎಂಬುದಕ್ಕೆ ಆ ಮೇರೆ ತಾಕುವುದಿಲ್ಲ. ಹೊರಗಿನಿಂದ ಯಾರೂ ಹಾಕದ ಮೇರೆಯನ್ನು ಒಳಗಿನಿಂದ ಹಾಕಿಕೊಳ್ಳಬೇಕು. ಧರ್ಮಚಿಂತನೆಗೆ ಕೆಲಸ ಇರುವುದು ಇಲ್ಲಿಯೇ.

ಸಂಸ್ಕೃತದ ಧರ್ಮಗ್ರಂಥಗಳು ಗೃಹಸ್ಥನನ್ನು ಉಳಿದ ಮೂರು ಆಶ್ರಮಗಳ ಆಧಾರವೆಂದು ಕರೆದವು. ಅರ್ಥವನ್ನು ಪುರುಷಾರ್ಥಗಳಲ್ಲಿ ಒಂದಾಗಿ ಗೌರವಿಸಿದವು. ಅಂಗಡಿಯ ವಿಚಾರದಲ್ಲಿ ಮಹಾಭಾರತದ ಎರಡು ಕಥೆಗಳು ಮುಖ್ಯ. ಶಾಂತಿಪರ್ವದ ತುಲಾಧಾರ ಕಾಶಿಯ ವ್ಯಾಪಾರಿ. ಜಡೆಯಲ್ಲಿ ಹಕ್ಕಿಗಳು ಗೂಡು ಕಟ್ಟುವಷ್ಟು ಕಾಲ ಅಲುಗದೆ ನಿಂತ ಜಾಜಲಿ ಎಂಬ ತಪಸ್ವಿಗೆ ಅವನು ಧರ್ಮ ಹೇಳಿಕೊಡುತ್ತಾನೆ. ಎಲ್ಲರಿಗೂ ಸಮನಾಗಿ ನಿಲ್ಲುವ ತಕ್ಕಡಿಯೇ ಅವನ ವ್ರತ. ಕಥೆ ಉದಾತ್ತವಾದದ್ದು, ಆದರೆ ಅದರಲ್ಲಿ ಅಂಗಡಿ ಇದೆ, ಮನೆಯಿಲ್ಲ. ಗಿರಾಕಿಗಳಿಗೆ ಸಮನಾಗಿ ತೂಗುವವನು ತನ್ನವರಿಗೆ ಏನನ್ನು ತೂಗಿ ಕೊಟ್ಟ ಎಂಬ ಮಾತು ಅಲ್ಲಿ ಬರುವುದಿಲ್ಲ.

ವನಪರ್ವದ ಧರ್ಮವ್ಯಾಧನ ಕಥೆಯಲ್ಲಿ ಅದು ಬರುತ್ತದೆ. ಕೌಶಿಕನೆಂಬ ಬ್ರಾಹ್ಮಣ ತನ್ನ ಮೇಲೆ ಹಿಕ್ಕೆ ಹಾಕಿದ ಕೊಕ್ಕರೆಯನ್ನು ಕಣ್ಣಿನ ಕೋಪದಿಂದಲೇ ಕೆಡವಿ, ಅನಂತರ ಭಿಕ್ಷೆಗೆ ಒಂದು ಮನೆಯ ಮುಂದೆ ನಿಲ್ಲುತ್ತಾನೆ. ಗಂಡನ ಉಪಚಾರದಲ್ಲಿದ್ದ ಗೃಹಿಣಿ ತಡವಾಗಿ ಬರುತ್ತಾಳೆ. ಅವನು ಸಿಟ್ಟಾದಾಗ ತಾನು ಕೊಕ್ಕರೆಯಲ್ಲ ಎನ್ನುತ್ತಾಳೆ. ಕಾಣದ ಸಂಗತಿ ಅವಳಿಗೆ ತಿಳಿದದ್ದು ಹೇಗೆಂದು ಬೆರಗಾದವನನ್ನು ಅವಳೇ ಮಿಥಿಲೆಯ ಒಬ್ಬ ಮಾಂಸದ ವ್ಯಾಪಾರಿಯ ಬಳಿಗೆ ಕಳಿಸುತ್ತಾಳೆ. ಅಲ್ಲಿ ಗಿರಾಕಿಗಳ ಗುಂಪು. ಕೌಶಿಕ ದೂರದಲ್ಲೇ ನಿಲ್ಲುತ್ತಾನೆ. ವ್ಯಾಧ ತಾನೇ ಎದ್ದುಬಂದು, ಈ ಜಾಗ ನಿಮಗೆ ತಕ್ಕದ್ದಲ್ಲ, ಮನೆಗೆ ಹೋಗೋಣ ಎಂದು ಕರೆದೊಯ್ಯುತ್ತಾನೆ. ಧರ್ಮದ ಬಗ್ಗೆ ಉದ್ದನೆಯ ಉಪದೇಶವಾದ ಮೇಲೆ, ತನ್ನ ಧರ್ಮವನ್ನು ಕಣ್ಣಾರೆ ನೋಡು ಎಂದು ಅವನು ತೋರಿಸುವುದು ಊಟ ಮುಗಿಸಿ, ಬಿಳಿಯ ಬಟ್ಟೆಯುಟ್ಟು, ನೆಮ್ಮದಿಯಿಂದ ಕುಳಿತ ತನ್ನ ಮುದಿ ತಂದೆತಾಯಿಗಳನ್ನು. ಇವರೇ ನನ್ನ ದೇವರು. ಹೆಂಡತಿ ಮಕ್ಕಳೊಡನೆ ಇವರ ಸೇವೆ ಮಾಡುತ್ತೇನೆ ಎಂದು ಅವನ ಮಾತಿನ ಸಾರ. ಕೊನೆಗೆ ಅವನು ಕೌಶಿಕನನ್ನು ಹಿಂದಕ್ಕೆ ಕಳಿಸುತ್ತಾನೆ: ವೇದ ಕಲಿಯಲು ಅಪ್ಪಣೆ ಕೇಳದೆ ಬಿಟ್ಟುಬಂದ ನಿನ್ನ ತಂದೆತಾಯಿಯ ಬಳಿಗೆ ಹೋಗು ಎಂದು.

ಈ ಕಥೆಯ ಜೋಡಣೆಯನ್ನು ಗಮನಿಸಬೇಕು. ಕಸುಬಿನಿಂದ ಮನುಷ್ಯ ಮೇಲಾಗುವುದಿಲ್ಲ, ಕೀಳಾಗುವುದೂ ಇಲ್ಲ ಎಂಬ ಮಾತು ಅಂಗಡಿಯಲ್ಲಿ ಶುರುವಾಗಿ, ಪುರಾವೆ ಮನೆಯಲ್ಲಿ ಸಿಗುತ್ತದೆ. ಅಂಗಡಿಯ ಪ್ರಾಮಾಣಿಕತೆ ಎಷ್ಟೇ ಇರಲಿ, ಅದರ ಫಲ ಯಾರ ಮುಖದಲ್ಲಿ ಕಾಣಬೇಕೋ ಅವರ ಮುಖವನ್ನು ನೋಡದೆ ತೀರ್ಪು ಕೊಡುವಂತಿಲ್ಲ. ಕೌಶಿಕನನ್ನು ಆ ದಾರಿಗೆ ಹಚ್ಚಿದವಳು ಅಡುಗೆಮನೆಯಿಂದ ಬಂದ ಹೆಂಗಸು ಎಂಬುದೂ ಕಾಕತಾಳೀಯವಲ್ಲ. ಕೆಲಸದ ಬೆಲೆಯನ್ನು ಮನೆಯಿಂದ ಅಳೆಯುವ ಈ ಎಳೆ ಮುಂದೆ ಕನ್ನಡ ನಾಡಿನಲ್ಲಿ ಇನ್ನೂ ಗಟ್ಟಿಯಾಯಿತು.

ಅದಕ್ಕೂ ಮೊದಲು ಕಲ್ಯಾಣದಲ್ಲೇ ಬರೆದ ಇನ್ನೊಂದು ಗ್ರಂಥವನ್ನು ನೋಡಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ಮುಂದೆ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯ ಕಾನೂನೇ ಆಯಿತು. ವಕೀಲರ ಪುಸ್ತಕವಾಗಿ ಮಾತ್ರ ಅದನ್ನು ಓದುವ ರೂಢಿಯಿಂದ ಅದರ ನೈತಿಕ ತಿರುಳು ಮರೆಯಾಗಿದೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ಅದರ ಪ್ರಸಿದ್ಧ ನಿಲುವಿನ ಹಿಂದೆ ಒಂದು ಕಾಳಜಿಯಿದೆ: ಹುಟ್ಟಿದವರು, ಇನ್ನೂ ಹುಟ್ಟದವರು, ಗರ್ಭದಲ್ಲಿರುವವರು ಎಲ್ಲರಿಗೂ ಜೀವನೋಪಾಯ ಬೇಕು, ಆದ್ದರಿಂದ ದುಡಿಯುವವನು ಕುಟುಂಬದ ಆಧಾರವನ್ನು ತನ್ನ ಇಷ್ಟದಂತೆ ಮಾರಲಾಗದು, ದಾನ ಮಾಡಲಾಗದು. ಆಪತ್ತು ಬಂದರೆ, ಕುಟುಂಬದ ಉಳಿವಿಗೆ ಬೇಕಾದರೆ, ಅಗತ್ಯದ ಧರ್ಮಕಾರ್ಯವಿದ್ದರೆ ವಿನಾಯಿತಿ ಉಂಟು. ತನ್ನದೇ ಸ್ವತ್ತನ್ನು ಕೊಡುವಾಗಲೂ ಕುಟುಂಬಕ್ಕೆ ತೊಂದರೆಯಾಗದ ಹಾಗೆ ಕೊಡಬೇಕೆಂದು ಮೂಲಸ್ಮೃತಿಯೇ ಹೇಳುತ್ತದೆ.

ಸ್ತ್ರೀಧನದ ನಿಯಮ ಇನ್ನೂ ಹರಿತವಾಗಿದೆ. ಹೆಂಡತಿಯ ಸ್ವತ್ತನ್ನು ಗಂಡ ತೆಗೆದುಕೊಂಡರೆ ಹಿಂತಿರುಗಿಸಬೇಕು. ಹಿಂತಿರುಗಿಸದಿದ್ದರೂ ನಡೆಯುವ ಸಂದರ್ಭಗಳು ಕೆಲವೇ: ಬರಗಾಲ, ಬಿಡಲಾಗದ ಧರ್ಮಕಾರ್ಯ, ಕಾಯಿಲೆ, ಸೆರೆ. ವ್ಯಾಪಾರದ ಬಂಡವಾಳ ಆ ಪಟ್ಟಿಯಲ್ಲಿಲ್ಲ. ಇವತ್ತಿಗೂ ಸಣ್ಣ ಅಂಗಡಿಗೆ ಕೈಬಿಗಿಯಾದಾಗ ಮೊದಲು ಕಣ್ಣು ಹೋಗುವುದು ಹೆಂಡತಿಯ ಬಳೆ, ಸರದ ಕಡೆಗೆ. ಚಿನ್ನ ಅಡವಿಟ್ಟು ಸರಕು ತರುವುದು ಎಷ್ಟು ಸಾಮಾನ್ಯವೆಂದರೆ ಅದನ್ನು ಸಾಲವೆಂದೇ ಎಣಿಸುವುದಿಲ್ಲ. ಬ್ಯಾಂಕಿಗೆ ಕೊಡಬೇಕಾದದ್ದು ಸಾಲ, ಅವಳಿಗೆ ಮರಳಿಸಬೇಕಾದದ್ದು ಒಂದು ಮಾತು ಮಾತ್ರ. ಒಂಬತ್ತು ಶತಮಾನಗಳ ಹಿಂದಿನ ವ್ಯಾಖ್ಯಾನಕಾರ ಅದನ್ನು ಸ್ಪಷ್ಟವಾಗಿ ಋಣವೆಂದು ಕಂಡ. ಅಂಗಡಿ ಮತ್ತು ಮನೆಯ ನಡುವೆ ಗೋಡೆ ಇಲ್ಲದಿದ್ದರೂ ಲೆಕ್ಕ ಇರಬೇಕು ಎಂಬುದು ಈ ನಿಯಮದ ಒಳದನಿ.

ವಿಜ್ಞಾನೇಶ್ವರನ ಕಲ್ಯಾಣದಲ್ಲೇ, ಕೆಲವು ದಶಕಗಳ ತರುವಾಯ, ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣ ಭಂಡಾರಿಯಾಗಿದ್ದಾಗ ಶರಣರು ಕೂಡಿದರು. ಅವರ ಹೆಸರುಗಳೇ ಒಂದು ಪೇಟೆಬೀದಿ: ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಸೂಜಿಕಾಯಕದ ರಾಮಿತಂದೆ, ಗಾಣದ ಕಣ್ಣಪ್ಪ, ವೈದ್ಯ ಸಂಗಣ್ಣ, ಹೆಂಡದ ಮಾರಯ್ಯ. ದುಡಿಮೆಗೆ ಅವರು ಕೊಟ್ಟ ಹೆಸರು ಕಾಯಕ. ದೇಹದಿಂದ ಮಾಡುವ, ತಾನೇ ಮಾಡುವ, ಮೋಸವಿಲ್ಲದ ಕೆಲಸ ಅದು; ಗುರುವಿಗೂ ಜಂಗಮನಿಗೂ ಅದರಿಂದ ಬಿಡುಗಡೆಯಿಲ್ಲ ಎಂಬುದು ಚಂದಯ್ಯನ ನಿಲುವು. ಕಾಯಕಕ್ಕೆ ಜೋಡಿ ದಾಸೋಹ. ದುಡಿದದ್ದರಲ್ಲಿ ಮನೆಯ ಅಗತ್ಯ ಕಳೆದು ಉಳಿದದ್ದು ಹಂಚಿಕೆಗೆ. ಕೂಡಿಡುವುದಕ್ಕೆ ಅಲ್ಲಿ ಮನ್ನಣೆಯಿಲ್ಲ. ಶರಣರಲ್ಲಿ ಬಹುಪಾಲು ಸಂಸಾರಿಗಳು. ಅವರಿಗಿಂತ ಹಿಂದಿನ ನೇಕಾರ ಜೇಡರ ದಾಸಿಮಯ್ಯ, ದುಗ್ಗಳೆಯ ಗಂಡ, ಸತಿಪತಿ ಒಂದಾಗಿ ಮಾಡಿದ ಭಕ್ತಿಯೇ ಶಿವನಿಗೆ ಹಿತ ಎಂದಿದ್ದ.

ಕಾಯಕವನ್ನು ಕೈಲಾಸದೊಡನೆ ಸಮ ಮಾಡಿದ ಎರಡು ಪದಗಳ ಮಾತು ಇಂದು ಅಂಗಡಿಗಳ ಗೋಡೆಯ ಮೇಲೆ, ಕಾರ್ಖಾನೆಗಳ ಬಾಗಿಲಲ್ಲಿ, ಬಸ್ಸುಗಳ ಮುಂಭಾಗದಲ್ಲಿ ಕಾಣುತ್ತದೆ. ಅದು ಬಸವಣ್ಣನದೆಂದು ಅನೇಕರು ತಿಳಿದಿದ್ದಾರೆ; ಆದರೆ ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕೆಲಸದಲ್ಲಿ ಮುಳುಗಿದವನು ಗುರು, ಲಿಂಗ, ಜಂಗಮರು ಎದುರಿಗೆ ಬಂದರೂ ಹಂಗು ಹರಿಯಬೇಕೆಂದು ಆ ವಚನ ಹೇಳುತ್ತದೆ. ಅದನ್ನು ಬಿಡಿಯಾಗಿ ಓದಿದರೆ, ಬೆಳಗಿನಿಂದ ನಡುರಾತ್ರಿಯವರೆಗೆ ಅಂಗಡಿ ಬಿಟ್ಟೇಳದವನಿಗೆ ಕೈಲಾಸದ ಸೀಟು ಖಾತ್ರಿ ಎಂಬ ಅರ್ಥ ಹೊರಡುತ್ತದೆ, ಮತ್ತು ಹಾಗೆ ಅರ್ಥ ಮಾಡಿಕೊಂಡವರು ಬಹಳ. ಮನೆಯವರು ಕಾಯುತ್ತಿದ್ದಾರೆ ಎಂದರೆ ಗೋಡೆಯ ಕಡೆ ಕೈತೋರಿಸಿದರಾಯಿತು. ಆದರೆ ಮಾರಯ್ಯನ ಕಥೆಯಲ್ಲಿ ಮಾರಯ್ಯ ಒಬ್ಬನೇ ಇಲ್ಲ. ಅವನ ಹೆಂಡತಿ ಲಕ್ಕಮ್ಮ ಇದ್ದಾಳೆ, ಮತ್ತು ಅವಳು ಅವನನ್ನು ಎರಡು ಸಲ ತಿದ್ದಿದಳು.

ಈ ದಂಪತಿ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಕಲ್ಯಾಣಕ್ಕೆ ಬಂದು, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅಡುಗೆ ಮಾಡಿ, ಜಂಗಮರಿಗೆ ಬಡಿಸಿ ತಾವು ಉಣ್ಣುವುದನ್ನು ಕಾಯಕವಾಗಿ ಹಿಡಿದರು. ಅದಕ್ಕಿಂತ ಸಣ್ಣ ಬಂಡವಾಳದ ಕಸುಬು ಇನ್ನೊಂದಿರಲಾರದು. ಅವರ ಪ್ರಸಂಗ ಬರುವುದು ಶೂನ್ಯಸಂಪಾದನೆಯಲ್ಲಿ. ಅದು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ಗ್ರಂಥ. ವಚನಗಳನ್ನು ಸಂವಾದವಾಗಿ ಹೆಣೆಯುತ್ತದೆ. ಘಟನೆ ಹೀಗೆಯೇ ನಡೆಯಿತೇ ಎಂದು ಹೇಳುವುದು ಚರಿತ್ರೆಯ ಕೆಲಸ. ಸಂಪ್ರದಾಯ ಅದರಲ್ಲಿ ಏನನ್ನು ಕಂಡಿತು ಎಂಬುದು ಇಲ್ಲಿಯ ಪ್ರಶ್ನೆ.

ಒಂದು ದಿನ ಮಾರಯ್ಯ ಶರಣರ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತ. ಹೊತ್ತು ಏರಿತು. ಲಕ್ಕಮ್ಮ ಬಂದು, ನಿನ್ನ ಕಾಯಕ ನಿಂತಿದೆ, ಎದ್ದು ಹೋಗು ಎಂದಳು. ಇದು ಮೊದಲನೆಯ ತಿದ್ದುಪಡಿ: ಎಷ್ಟೇ ಎತ್ತರದ ಮಾತಾದರೂ ಮನೆಯ ಒಲೆಗೆ ಅಕ್ಕಿ ಬೇಕು. ಮಾರಯ್ಯ ಅವಸರದಿಂದ ಹೋಗಿ, ಅಂದು ಹೆಚ್ಚಾಗಿ ಚೆಲ್ಲಿದ್ದ ಅಕ್ಕಿಯನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಬಂದ. ಹೆಚ್ಚು ಚೆಲ್ಲಿಸಿದವನು ಬಸವಣ್ಣನೇ ಎಂದು ಕಥೆ. ಲಕ್ಕಮ್ಮ ಗಂಟು ನೋಡಿದಳು. ದಿನದ ಅಳತೆಗಿಂತ ಹೆಚ್ಚಿತ್ತು. ಒಂದಾಗಿದ್ದ ಮನಸ್ಸು ಎರಡಾಯಿತೆಂಬ ಅರ್ಥದ ಮಾತಿನಿಂದ ಅವಳು ಕೇಳುತ್ತಾಳೆ: ಇಷ್ಟು ತಂದದ್ದು ನಿನ್ನ ಆಸೆಯೋ, ಬಸವಣ್ಣನ ಸಂಶಯವೋ? ಆಸೆ ಅರಸರಿಗೆ ಇರಬಹುದು, ನಮಗೇಕೆ? ಹೆಚ್ಚಿನದನ್ನು ಮೊದಲಿದ್ದ ಜಾಗದಲ್ಲೇ ಸುರಿದು ಬಾ. ಮಾರಯ್ಯ ಮರಳಿ ಹೋಗಿ ಸುರಿದ. ಉಳಿದಷ್ಟೇ ಅಕ್ಕಿಯಿಂದ ಲಕ್ಕಮ್ಮ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದಳು ಎಂದು ಪವಾಡ ಮುಗಿಯುತ್ತದೆ.

ಲಕ್ಕಮ್ಮನ ಎರಡು ಮಾತುಗಳನ್ನು ಕೂಡಿಸಿ ಓದಬೇಕು. ದುಡಿಮೆ ಕಡಿಮೆಯಾದಾಗ ಎಬ್ಬಿಸಿದ ಕೈಯೇ ಹೆಚ್ಚಾದಾಗ ತಡೆಯುತ್ತದೆ. ಎರಡೂ ಸಲ ಅವಳ ಬಳಿ ಇದ್ದ ಅಳತೆಗೋಲು ಒಂದೇ: ಇಂದು ಈ ಮನೆಯಲ್ಲಿ ಉಣ್ಣುವವರು ಎಷ್ಟು ಜನ, ಅವರಿಗೆ ಬೇಕಾದ ಅಕ್ಕಿ ಎಷ್ಟು. ಕೆಲಸದ ಒಳಗಿರುವವನಿಗೆ ಈ ಅಳತೆ ಕಾಣುವುದಿಲ್ಲ. ಅಂಗಳದಲ್ಲಿ ಬಗ್ಗಿ ಅಕ್ಕಿ ಆಯುತ್ತಿರುವವನಿಗೆ ಇನ್ನೊಂದು ಕಾಳು ಕಾಣುತ್ತದೆ, ಅದರಾಚೆ ಮತ್ತೊಂದು. ವ್ಯಾಪಾರದ ಸ್ವಭಾವವೇ ಅದು. ಅದಕ್ಕೆ ತನ್ನೊಳಗಿನಿಂದ ಸಾಕು ಎಂಬ ಮಾತು ಹುಟ್ಟುವುದಿಲ್ಲ. ಇನ್ನೊಬ್ಬ ಗಿರಾಕಿ ಬರಬಹುದೆಂದು ಶಟರ್ ಅರ್ಧಕ್ಕೆ ಇಳಿಸಿ ಕಾಯುವುದು ಎಲ್ಲ ಊರಿನ ಅಂಗಡಿಗಳಲ್ಲೂ ಇದೆ. ಸಾಕು ಎಂಬುದನ್ನು ಬಲ್ಲದ್ದು ಅಡುಗೆಮನೆ, ಏಕೆಂದರೆ ಹೊಟ್ಟೆಗೆ ಮಿತಿಯಿದೆ. ಶರಣಚಿಂತನೆಯಲ್ಲಿ ಕಾಯಕ ಕೈಲಾಸವಾಗುವುದು ಈ ಮಿತಿಯ ಒಳಗೆ. ಮನೆಯನ್ನು ಕಾಯಕದ ಎದುರಾಳಿಯೆಂದು ತಿಳಿದು ಇಬ್ಬರ ನಡುವೆ ರಾಜಿ ಹುಡುಕುವ ಕ್ರಮ ಅಲ್ಲಿಲ್ಲ. ಕಾಯಕ ಸರಿಯಾಗಿದೆಯೇ ಎಂದು ನೋಡಿ ಹೇಳುವ ಜಾಗ ಮನೆ.

ಲಕ್ಕಮ್ಮ ತನ್ನ ವಚನಗಳಲ್ಲಿ ಬಳಸುವ ಅಂಕಿತ ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನ ಹೆಸರು ಹೊತ್ತ ದೇವರ ಮುಂದೆ ಗಂಡನನ್ನೇ ತಿದ್ದುವ ಆ ಸಲುಗೆಯಲ್ಲಿ ದಾಂಪತ್ಯದ ಒಂದು ಹೊಸ ಕಲ್ಪನೆಯಿದೆ. ಮೋಳಿಗೆಯ ಮಾರಯ್ಯ ಮತ್ತು ಮಹಾದೇವಿಯ ಪ್ರಸಂಗ ಇದರದೇ ಇನ್ನೊಂದು ರೂಪ. ಕಾಶ್ಮೀರದ ಅರಸೊತ್ತಿಗೆ ಬಿಟ್ಟುಬಂದು ಸೌದೆ ಮಾರಿ ಬದುಕಿದರೆಂದು ಐತಿಹ್ಯವಿರುವ ಜೋಡಿ ಅದು. ಗಂಡ ಕೈಲಾಸಕ್ಕೆ ಹೊರಡುವ ಹಂಬಲದಲ್ಲಿದ್ದಾಗ, ಇಲ್ಲಿಯ ಬದುಕಿನಲ್ಲಿ ಕಾಣದ ಕೈಲಾಸ ಬೇರೆಲ್ಲಿದೆ ಎಂದು ಹೆಂಡತಿ ಕೇಳುತ್ತಾಳೆ; ಅವಳೇ ಅವನಿಗೆ ಬೋಧಕಿಯಾಗುತ್ತಾಳೆ.

ಈ ಚಿತ್ರದಲ್ಲಿ ಒಂದು ಕೊರೆಯೂ ಇದೆ, ಅದನ್ನು ಮುಚ್ಚಬಾರದು. ಅಷ್ಟು ಸಾವಿರ ಜನಕ್ಕೆ ಒಂದು ಹಿಡಿ ಅಕ್ಕಿಯಲ್ಲಿ ಅಡುಗೆಯಾಯಿತೆಂದು ಕಥೆ ಸಂಭ್ರಮಿಸುವಾಗ, ಒಲೆಯ ಮುಂದೆ ಕುಳಿತವಳ ಬೆನ್ನುನೋವನ್ನು ಪವಾಡ ನುಂಗಿಬಿಡುತ್ತದೆ. ಗಂಡನ ಕಾಯಕಕ್ಕೆ ಹೆಂಡತಿ ಅಳತೆಯಾದಳು ಸರಿ. ಅವಳ ದುಡಿಮೆಗೆ ಅಳತೆ ಯಾರು? ಅಂಗಡಿಮನೆಗಳಲ್ಲಿ ಹೆಂಗಸು ಬೆಳಿಗ್ಗೆ ಮನೆಗೆಲಸ, ಮಧ್ಯಾಹ್ನ ಗಲ್ಲಾದ ಮೇಲೆ, ಸಂಜೆ ಮತ್ತೆ ಒಲೆ ಎಂದು ಮೂರು ಪಾಳಿ ಮಾಡುತ್ತಾಳೆ, ಮತ್ತು ಅದರಲ್ಲಿ ಯಾವುದಕ್ಕೂ ಕೂಲಿಯ ಲೆಕ್ಕವಿಲ್ಲ. ಶರಣಪರಂಪರೆಯಲ್ಲಿ ಇದಕ್ಕೆ ಅರ್ಧ ಉತ್ತರವಷ್ಟೇ ಸಿಗುತ್ತದೆ: ಹೆಂಗಸರಿಗೂ ತಮ್ಮದೇ ಹೆಸರಿನ ಕಾಯಕಗಳಿದ್ದವು. ಕದಿರ ರೆಮ್ಮವ್ವೆ ನೂಲು ತೆಗೆಯುವವಳು, ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವವಳು, ಸತ್ಯಕ್ಕ ಅಂಗಳ ಗುಡಿಸುವವಳು. ದಾರಿಯಲ್ಲಿ ಬಿದ್ದ ಹೊನ್ನನ್ನಾಗಲಿ ಬಟ್ಟೆಯನ್ನಾಗಲಿ ಕೈಯಿಂದ ಮುಟ್ಟೆನೆಂದು ಸತ್ಯಕ್ಕ ಆಣೆಯಿಟ್ಟು ಹೇಳುತ್ತಾಳೆ. ಲಂಚ, ವಂಚನೆಗಳಿಗೆ ಕೈಯೊಡ್ಡದ ಆ ಘನತೆ ಸ್ವಂತ ದುಡಿಮೆಯಿಂದ ಬಂದದ್ದು. ಆದರೂ ಮನೆಗೆಲಸವನ್ನೇ ಕಾಯಕವೆಂದು ಎಣಿಸಿ ಅದನ್ನು ಗಂಡಹೆಂಡಿರ ನಡುವೆ ಹಂಚುವ ಮಾತು ಬಹಳ ಅಪರೂಪ.

ಮಿತಿಯನ್ನು ವ್ರತವಾಗಿಸುವ ಕೆಲಸವನ್ನು ಕರ್ನಾಟಕದ ಇನ್ನೊಂದು ಹಳೆಯ ಧರ್ಮ ಹೆಚ್ಚು ಶಿಸ್ತಿನಿಂದ ಮಾಡಿದೆ. ಜೈನರಲ್ಲಿ ವರ್ತಕರು ಬಹಳ, ಶ್ರಾವಕನೆಂದರೆ ಸಂಸಾರಿ. ಅವನ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ, ಅಂದರೆ ಹೊಲ, ಮನೆ, ಚಿನ್ನ, ಬೆಳ್ಳಿ, ಧಾನ್ಯ, ಆಳುಕಾಳು ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳೆನೆಂದು ಮೊದಲೇ ಗೊತ್ತುಮಾಡಿಕೊಳ್ಳುವುದು. ಅದರ ಜೊತೆಗೆ ದಿಗ್ವ್ರತ: ಯಾವ ದಿಕ್ಕಿನಲ್ಲಿ ಎಷ್ಟು ದೂರದಾಚೆ ತನ್ನ ಓಡಾಟ, ವ್ಯವಹಾರ ಹೋಗಬಾರದೆಂದು ಮೇರೆ ಗುರುತಿಸುವುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಈ ವ್ರತಕ್ಕೆ ಐದು ಲೋಪಗಳನ್ನು ಹೇಳುತ್ತದೆ. ಮೇಲೆ, ಕೆಳಗೆ, ಅಡ್ಡಕ್ಕೆ ಮೇರೆ ದಾಟುವುದು ಮೂರು. ಕ್ಷೇತ್ರವನ್ನು ಹಿಗ್ಗಿಸಿಕೊಳ್ಳುವುದು ನಾಲ್ಕನೆಯದು. ಹಾಕಿಕೊಂಡ ಮೇರೆಯನ್ನು ಮರೆಯುವುದು ಐದನೆಯದು. ಕೊನೆಯ ಎರಡನ್ನು ಬರೆದವರಿಗೆ ವ್ಯಾಪಾರಿಯ ಮನಸ್ಸು ಚೆನ್ನಾಗಿ ಗೊತ್ತಿತ್ತು. ಇನ್ನೊಂದು ಮಳಿಗೆ ತೆರೆಯುವವನು ಮೇರೆ ದಾಟಿದೆನೆಂದು ಯಾವತ್ತೂ ಅಂದುಕೊಳ್ಳುವುದಿಲ್ಲ, ಮೇರೆಯನ್ನೇ ಸ್ವಲ್ಪ ಸರಿಸಿಕೊಂಡೆ ಎಂದುಕೊಳ್ಳುತ್ತಾನೆ. ಕೆಲವು ವರ್ಷ ಕಳೆದರೆ ಮೊದಲು ಎಲ್ಲಿ ಗೆರೆ ಎಳೆದಿದ್ದ ಎಂಬುದೇ ನೆನಪಿರುವುದಿಲ್ಲ. ಮರೆವನ್ನು ಅಶಕ್ತಿಯೆಂದು ಕ್ಷಮಿಸದೆ ಲೋಪವೆಂದು ಎಣಿಸಿದ್ದು ಈ ಶಾಸ್ತ್ರದ ಸೂಕ್ಷ್ಮತೆ. ಲಕ್ಕಮ್ಮನ ಅಳತೆ ದಿನದಿನವೂ ಇನ್ನೊಬ್ಬರ ಬಾಯಿಂದ ಬರುವಂಥದು. ಶ್ರಾವಕನ ಅಳತೆ ಒಮ್ಮೆ ತಾನೇ ಹಾಕಿಕೊಂಡು ಕೊನೆಯವರೆಗೆ ಕಾಯುವಂಥದು. ಒಂಟಿಯಾಗಿ ವ್ಯವಹಾರ ನಡೆಸುವ ಗಂಡಸಿಗೋ ಹೆಂಗಸಿಗೋ ಎರಡನೆಯದೇ ಆಸರೆ.

ಮುಸ್ಲಿಂ ವರ್ತಕರಿಗೆ ವಾರದ ನಡುವೆ ಇನ್ನೊಂದು ಬಗೆಯ ಮೇರೆಯಿದೆ. ಶುಕ್ರವಾರದ ಕರೆ ಕೇಳಿದಾಗ ಮಾರಾಟ ಬಿಟ್ಟು ಬನ್ನಿ, ಪ್ರಾರ್ಥನೆ ಮುಗಿದ ಮೇಲೆ ಚದುರಿ ದೇವರ ಅನುಗ್ರಹವನ್ನು ಅರಸಿ ಎಂದು ಕುರಾನಿನ 62ನೆಯ ಅಧ್ಯಾಯದ ಆದೇಶ. ವ್ಯಾಪಾರವನ್ನು ನಿಲ್ಲಿಸಬಹುದು, ನಿಲ್ಲಿಸಿದರೆ ಅದು ಸಾಯುವುದಿಲ್ಲ ಎಂಬ ಅನುಭವವನ್ನು ಅದು ವಾರವಾರವೂ ಕೊಡುತ್ತದೆ.

ಮೇರೆ ಹಾಕುವುದು ಸಾಲದು, ಬಿಟ್ಟುಬಿಡಬೇಕು ಎಂಬ ದಾರಿ ಪುರಂದರದಾಸರದು (1484–1564 ಎಂದು ಸಂಪ್ರದಾಯದ ಲೆಕ್ಕ). ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸನಾಯಕ, ಚಿನಿವಾರಿಕೆ ಮತ್ತು ಗಿರವಿಯ ವ್ಯಾಪಾರಿ, ನವಕೋಟಿ ನಾರಾಯಣ. ಮಗನ ಉಪನಯನಕ್ಕೆ ನೆರವು ಕೇಳಿ ಬಂದ ಬಡ ಬ್ರಾಹ್ಮಣನನ್ನು ದಿನಗಟ್ಟಲೆ ಅಲೆಸಿದಾಗ ಅವನು ನಾಯಕನ ಹೆಂಡತಿ ಸರಸ್ವತಿಯನ್ನು ಕೇಳುತ್ತಾನೆ. ಗಂಡನ ಹಣ ತನ್ನ ಕೈಯಲ್ಲಿಲ್ಲ ಎಂದವಳು ತವರಿನವರು ಕೊಟ್ಟ ಮೂಗುತಿಯನ್ನು ಬಿಚ್ಚಿಕೊಡುತ್ತಾಳೆ. ಮಿತಾಕ್ಷರೆಯ ಮಾತಿನಲ್ಲಿ ಹೇಳುವುದಾದರೆ ಅದು ಅಪ್ಪಟ ಸ್ತ್ರೀಧನ, ಕೊಡಲು ಅವಳಿಗೆ ಯಾರ ಅಪ್ಪಣೆಯೂ ಬೇಡ. ಬ್ರಾಹ್ಮಣ ಅದನ್ನು ನಾಯಕನ ಅಂಗಡಿಗೇ ತಂದು ಗಿರವಿ ಇಡುತ್ತಾನೆ. ಮುಂದಿನ ಪವಾಡ, ಮನಃಪರಿವರ್ತನೆ, ಸರ್ವಸ್ವದಾನ ಕನ್ನಡಿಗರಿಗೆಲ್ಲ ಗೊತ್ತಿರುವಂಥವು. ಅಷ್ಟಾಗಿ ಗಮನಿಸದ ಸಂಗತಿ ಬೇರೆಯಿದೆ. ಅಂಗಡಿ ಬಿಟ್ಟ ನಾಯಕ ಮನೆಯನ್ನು ಬಿಡಲಿಲ್ಲ. ಹೆಂಡತಿ ಮಕ್ಕಳೂ ಅವನೊಡನೆ ದಾಸರ ಬದುಕಿಗೆ ಇಳಿದರು. ದಾರಿಯಲ್ಲಿ ಸರಸ್ವತಿ ನೀರು ಕುಡಿಯಲೆಂದು ಉಳಿಸಿಕೊಂಡಿದ್ದ ಚಿನ್ನದ ಬಟ್ಟಲನ್ನೂ ಅವರು ಎಸೆದರೆಂದು ಕಥೆ ಇದೆ. ವ್ಯವಹಾರ ತ್ಯಾಜ್ಯ, ಸಂಸಾರ ಅಲ್ಲ ಎಂಬ ಈ ನಿಲುವು ಸಂನ್ಯಾಸಕ್ಕಿಂತ ಬೇರೆ. ಆದರೂ ಎಲ್ಲ ಅಂಗಡಿಯವರಿಗೂ ಅದು ಒಗ್ಗುವ ದಾರಿಯಲ್ಲ. ಒಬ್ಬನ ವೈರಾಗ್ಯದ ಬೆಲೆಯನ್ನು ಮಕ್ಕಳೂ ತೆತ್ತರು ಎಂಬುದನ್ನು ಭಕ್ತಿಯಿಂದ ಓದುವವರೂ ಒಂದು ಕ್ಷಣ ಯೋಚಿಸಬೇಕು.

ಮಕ್ಕಳ ವಿಚಾರದಲ್ಲಿ ಈ ಎಲ್ಲ ಪರಂಪರೆಗಳೂ ಹೆಚ್ಚು ಮಾತಾಡುವುದಿಲ್ಲ. ಧರ್ಮವ್ಯಾಧನ ಮನೆಯಲ್ಲಿ ಗೌರವದ ಪೀಠ ಮುದುಕರಿಗೆ, ವಚನಗಳಲ್ಲಿ ಕಾಯಕದ ಜೊತೆ ಬರುವುದು ಹೆಂಡತಿ, ಜಂಗಮ, ಕೂಸುಗಳು ವಿರಳ. ಹಿಂದೆ ಅದು ಅಷ್ಟಾಗಿ ಕಾಡದ ಪ್ರಶ್ನೆಯೂ ಆಗಿದ್ದೀತು, ಏಕೆಂದರೆ ಮಗು ಮಗ್ಗದ ಪಕ್ಕದಲ್ಲೇ ಬೆಳೆದು, ಆಡುತ್ತಲೇ ಕಸುಬು ಕಲಿಯುತ್ತಿತ್ತು. ಶಾಲೆ ಬಂದ ಮೇಲೆ ಆ ಒಟ್ಟುಬದುಕು ಮುರಿಯಿತು. ಈಗ ಮಗುವಿನ ದಿನ ಒಂದು ಕಡೆ, ಅಪ್ಪನ ದಿನ ಇನ್ನೊಂದು ಕಡೆ; ಎರಡೂ ಕೂಡುವ ಸಂಜೆಯ ಹೊತ್ತು ಅಂಗಡಿಯಲ್ಲಿ ಗಿರಾಕಿ ತುಂಬುವ ಹೊತ್ತು. ಮಕ್ಕಳಿಗಾಗಿಯೇ ದುಡಿಯುತ್ತಿದ್ದೇನೆ ಎಂಬ ಮಾತು ಅಲ್ಲಿ ನಿಜವೂ ಹೌದು, ನೆಪವೂ ಹೌದು. ಮಿತಾಕ್ಷರೆ ಹೇಳಿದ ಜೀವನೋಪಾಯ ಅನ್ನಬಟ್ಟೆಗೆ ಸಂಬಂಧಿಸಿದ್ದು. ಮಗುವಿಗೆ ಅಪ್ಪನ ಹೊತ್ತು ಕೂಡ ಜೀವನೋಪಾಯದ ಭಾಗವೇ ಎಂದು ಸೇರಿಸಿಕೊಳ್ಳುವುದಕ್ಕೆ ಹಳೆಯ ತತ್ತ್ವದಲ್ಲಿ ಅಡ್ಡಿಯೇನಿಲ್ಲ: ಕುಟುಂಬಕ್ಕೆ ತೊಂದರೆಯಾಗದ ಹಾಗೆ ಕೊಡು ಎಂಬ ನಿಯಮ ಹಣಕ್ಕೆ ಅನ್ವಯಿಸುವುದಾದರೆ ಗಿರಾಕಿಗೆ ಕೊಡುವ ಗಂಟೆಗಳಿಗೂ ಅನ್ವಯಿಸಬೇಕು.

ಅಂಗಡಿ ಮಕ್ಕಳಿಗೆ ದಾಟುವ ಹೊತ್ತಿನಲ್ಲಿ ಪ್ರಶ್ನೆ ಮತ್ತೆ ತಲೆಕೆಳಗಾಗುತ್ತದೆ. ಹುಟ್ಟಿನಿಂದ ಬರುವ ಹಕ್ಕು ಹುಟ್ಟಿನಿಂದ ಬರುವ ಹೊರೆಯೂ ಆಗಬಲ್ಲದು; ಅಪ್ಪನ ಅಂಗಡಿ ನಡೆಯಲೇಬೇಕೆಂದು ಓದು ಬಿಟ್ಟ ಗಂಡುಮಕ್ಕಳು ಎಲ್ಲ ಪೇಟೆಗಳಲ್ಲಿದ್ದಾರೆ. ಶರಣರ ಕಾಯಕ, ತಾತ್ತ್ವಿಕವಾಗಿ, ಒಪ್ಪಿ ಕೈಗೆತ್ತಿಕೊಂಡದ್ದು: ಅಕ್ಕಿ ಆಯುವುದನ್ನು ಮಾರಯ್ಯ ಕಲ್ಯಾಣಕ್ಕೆ ಬಂದು ಹಿಡಿದ, ಅಕ್ಕಸಾಲೆಯಾಗಿದ್ದ ಕಿನ್ನರಿ ಬೊಮ್ಮಯ್ಯ ಆ ಕಸುಬು ಬಿಟ್ಟು ಕಿನ್ನರಿ ನುಡಿಸಿ ಬದುಕಿದ. ಹೆಣ್ಣುಮಕ್ಕಳಿಗೆ ತೊಡಕು ಇನ್ನೊಂದು ಬಗೆಯದು. ಚಿಕ್ಕಂದಿನಿಂದ ಗಲ್ಲಾದ ಮೇಲೆ ಕೂತು, ಉದ್ರಿ ಪುಸ್ತಕ ಬರೆದು, ಅಂಗಡಿಯ ನಾಡಿಯನ್ನು ಬಲ್ಲವಳಿಗೂ ಅದರಲ್ಲಿ ಪಾಲಿರಲಿಲ್ಲ. ಮಿತಾಕ್ಷರೆಯ ಹುಟ್ಟುಹಕ್ಕು ಗಂಡುಮಗನದು ಮಾತ್ರವಾಗಿತ್ತು. ಕರ್ನಾಟಕ 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು, ಅದು ಜಾರಿಯಾಗುವ ಮೊದಲು ಮದುವೆಯಾಗದ ಹೆಣ್ಣುಮಕ್ಕಳಿಗೆ ಆ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನು ತೆಗೆಯಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂಬ ವಾದವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ತಳ್ಳಿಹಾಕಿತು. ಕಲ್ಯಾಣದಲ್ಲಿ ಬರೆದ ವ್ಯಾಖ್ಯಾನದ ಹುಟ್ಟುಹಕ್ಕು ಹೀಗೆ ಮಗಳಿಗೂ ಬಂದಿದೆ. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಅಂಗಡಿಯಲ್ಲಿ ಅವಳು ಪಾಲು ಕೇಳಬಹುದು, ಲೆಕ್ಕ ಕೇಳಬಹುದು.